ತೋಳಿನ ಅಳತೆ

ಈರಿ ಸರೋವರದ ಗಾಳಿ ಬಾಗಿಲು ನೂಕಿದರೆ
ಮೊದಲು ಒಳಗೆ ಬರುವುದು ಹಿಮ,
ಅದರ ಹಿಂದೆ ಪೊಲೀಸರು.
ಠಾಣೆಯ ಎದುರಿಗೇ ಅಂಗಡಿ. ಅಪ್ಪ ಕಾಜಿಮಿರ್ ಇಟ್ಟದ್ದು,
ಹಲಗೆಯ ಮೇಲೆ ಇನ್ನೂ ಅವನದೇ ಹೆಸರು.
ನಾನು ಲಿಡಿಯಾ, ಸೂಜಿ ಹಿಡಿದು ಮೂವತ್ತೊಂದು ವರ್ಷ.
ಬಫಲೋ ನಗರದಲ್ಲಿ ಯಾರಿಗೆ ಬಡ್ತಿ ಎಂಬುದು
ಪತ್ರಿಕೆಗಿಂತ ಮೊದಲು ನನ್ನ ಹೆಬ್ಬೆರಳಿಗೆ ಗೊತ್ತು.

ರಾಸ್ಕೋ ಟಿಲರಿ ಬಂದದ್ದು ಮಾರ್ಚ್ ತಿಂಗಳ ಕೆಸರಿನಲ್ಲಿ.
ಸಾರ್ಜೆಂಟ್ ಪರೀಕ್ಷೆಯಲ್ಲಿ ಆರನೆಯವನು.
ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರು ಬಂದ ಮೇಲೆ
ತೋಳಿಗೆ ಪಟ್ಟಿ ಬರುವುದು ಇನ್ನೆಷ್ಟು ದಿನ?
"ಮೂರು ಮೂರು, ಎರಡೂ ತೋಳಿಗೆ" ಎಂದ,
ಇಪ್ಪತ್ತು ಡಾಲರ್ ಮುಂಗಡ ಕೊಟ್ಟ,
ಕನ್ನಡಿಯಲ್ಲಿ ತನ್ನ ಭುಜ ನೋಡಿಕೊಂಡು
ಹುಡುಗನ ಹಾಗೆ ನಾಚಿಕೊಂಡ.
ಹಳದಿ ದಾರದ ಅಂಚು ಕಟ್ಟಿ
ಮೂರನೆಯ ಡ್ರಾಯರಿನಲ್ಲಿ ಇಟ್ಟೆ.

ಮರುವಾರ ದೂರು ಬಿತ್ತು.
ಫಿಲ್ಮೋರ್ ರಸ್ತೆ, ನಿಲ್ಲಿಸಿದ ಕಾರು,
ಹೊರಗೆಳೆದ ಒಬ್ಬ ಹುಡುಗ, ಒಂದು ಕೈ.
ಅವನನ್ನು ಯಾರೂ ತೆಗೆದುಹಾಕಲಿಲ್ಲ,
ಅಮಾನತು ಮಾಡಲಿಲ್ಲ, ಬಿಲ್ಲೆ ಕಿತ್ತುಕೊಳ್ಳಲಿಲ್ಲ.
ಹೆಸರಿನ ಮುಂದೆ ಎರಡೇ ಶಬ್ದ ಬರೆದರು:
ವಿಚಾರಣೆ ಬಾಕಿ.

ಏಳನೆಯವನು ದಾಟಿಹೋದ. ಎಂಟನೆಯವಳು.
ಒಂಬತ್ತು, ಹತ್ತು.
ಹನ್ನೊಂದನೆಯವನು ಹಾವರ್‌ಕಾಂಪ್,
ಆ ರಾತ್ರಿ ಅದೇ ಗಾಡಿಯ ಸ್ಟಿಯರಿಂಗ್ ಹಿಡಿದವನು.
ತಾನು ಏನೂ ನೋಡಲಿಲ್ಲ ಎಂದು ಬರೆದುಕೊಟ್ಟಿದ್ದನಂತೆ.
ಕಾಣದ ಕಣ್ಣಿಗೆ ಬೇಗ ಬಡ್ತಿ ಅಂತ ನಾನೇನೂ ಹೇಳಲಿಲ್ಲ.
ಅವನ ಪಟ್ಟಿ ಹೊಲಿದೆ,
ದಾರ ಹಲ್ಲಲ್ಲಿ ಕಚ್ಚಿ ತುಂಡರಿಸಿದೆ.

ಶರತ್ಕಾಲದಲ್ಲಿ ವರ್ಲೀನ್ ಸ್ಪೈವಿ ಬಂದಳು,
ಮಗ ಟೋಬಿಯಸ್, ಚರ್ಚಿಗೆ ಒಂದು ಕೋಟು.
"ಎಡತೋಳು ಒಂದೂವರೆ ಇಂಚು ಕಡಿಮೆ ಮಾಡಿ."
ಹುಡುಗನ ಮೊಣಕೈ ಪೂರ್ತಿ ಬಿಚ್ಚುತ್ತಿರಲಿಲ್ಲ,
ಅರ್ಧ ಮಡಚಿದ ಅಳತೆಪಟ್ಟಿಯಂತೆ ನಿಂತಿತ್ತು.
"ಹುಟ್ಟಿನಿಂದಲೇ ಹೀಗಾ?"
"ಇಲ್ಲ. ಮಾರ್ಚಿನಿಂದ."

ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ
ಮೂರನೆಯ ಡ್ರಾಯರು.

ಟಿಲರಿ ಆಗಾಗ ಮೈ ಬೆಚ್ಚಗಾಗಲು ಬಂದು ನಿಲ್ಲುತ್ತಿದ್ದ.
ಒಮ್ಮೆ ಹೇಳಿದ: ಹುಡುಗ ಓಡಿದ.
ಇನ್ನೊಮ್ಮೆ: ಹುಡುಗ ಜಾರಿ ಬಿದ್ದ.
ನಾನು ಕೇಳಿರಲಿಲ್ಲ.
ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ಬಟ್ಟೆಯನ್ನು ಕೇಳಬೇಕಿಲ್ಲ.
ಆದರೂ ಇಸ್ತ್ರಿಯ ಆವಿಗೆ ಕೈ ಒಡ್ಡಿ ನಿಂತವನ ಬೆನ್ನು ನೋಡಿದರೆ
ಏನೆನ್ನಬೇಕು ತಿಳಿಯುತ್ತಿರಲಿಲ್ಲ.
ಮನೆಯಲ್ಲಿ ಹೆಂಡತಿ ಮಾತು ಕಡಿಮೆ ಮಾಡಿದ್ದಳು,
ಹಳೆಯ ಗೆಳೆಯರು ಅವನಿಗೆ "ಸರ್" ಆಗಿದ್ದರು.
ತನಿಖೆಯ ಅಧಿಕಾರಿ ಮೂರು ಸಲ ಬದಲಾದರು,
ಪ್ರತಿಯೊಬ್ಬರೂ ಮೊದಲ ಪುಟದಿಂದ ಓದತೊಡಗಿದರು.

ಅಷ್ಟರಲ್ಲಿ ಹುಡುಗ ಬೆಳೆದ.
ಎರಡನೆಯ ವರ್ಷ ತೋಳು ಬಿಚ್ಚಿ ಇಳಿಸಿದೆ,
ಮೂರನೆಯ ವರ್ಷ ಮತ್ತೆ.
ಎರಡೂ ಕೈ ಉದ್ದವಾದವು,
ನಡುವಿನ ಒಂದೂವರೆ ಇಂಚು ಹಾಗೇ ಉಳಿಯಿತು.

ಪಟ್ಟಿಗೆ ನಾಲ್ಕೇ ವರ್ಷ ಆಯಸ್ಸು.
ಅದು ಒಂದು ಗುರುವಾರ ಸತ್ತಿತು.
ಸೋಮವಾರ ಪತ್ರ ಬಂತು: ಸಾಬೀತಾಗಿಲ್ಲ.
ಮಾಡಿದ ಅಂತಲೂ ಇಲ್ಲ, ಮಾಡಲಿಲ್ಲ ಅಂತಲೂ ಇಲ್ಲ.
ನನ್ನ ಮೇಜಿನ ಮೇಲೆ ಹಾಳೆ ಹರಡಿ ಎರಡು ಸಲ ಓದಿ
"ಹಾಗಾದರೆ ನಾನು ಏನು?" ಎಂದ,
ನನ್ನನ್ನಲ್ಲ, ಕನ್ನಡಿಯನ್ನು.
ಮುಂದಿನ ಪರೀಕ್ಷೆಗೆ ಅವನಿಗೆ ನಲವತ್ತಾರು.
ಮುಂಗಡ ತಿರುಗಿ ಕೊಡಹೋದರೆ, ಇರಲಿ ಎಂದ.

ಅದೇ ಪತ್ರ, ಅದೇ ಶಬ್ದ, ವರ್ಲೀನಳಿಗೂ ಹೋಗಿತ್ತು.
ಅವಳು ಅದರ ಮಾತೆತ್ತಲಿಲ್ಲ.
ಕೋಟು ಬಿಚ್ಚಿ ಹಾಸಿ, "ಪದವಿ ದಿನಕ್ಕೆ ಬೇಕು,
ಇನ್ನು ಬಿಚ್ಚಲು ಬಟ್ಟೆ ಉಳಿದಿದೆಯಾ?" ಎಂದಳು.
ಕಾಲಿಂಚು ಉಳಿದಿತ್ತು.

ಅಳತೆಯ ಪುಸ್ತಕದಲ್ಲಿ ನನ್ನ ಕೈಬರಹ, ತಾರೀಖು ಸಹಿತ:
ಬಲ ಇಪ್ಪತ್ತೈದು, ಎಡ ಇಪ್ಪತ್ತಮೂರೂವರೆ.
ರಸ್ತೆ ದಾಟಿದರೆ ಠಾಣೆ.
ನಾಲ್ಕು ವರ್ಷದಲ್ಲಿ ಯಾರೂ ಬಂದು ಕೇಳಲಿಲ್ಲ.
ನಾನೂ ದಾಟಲಿಲ್ಲ.